ಗೋಡೆಯ ಹೊಣೆ ಗಾಜಿಗೆ ಬಂದದ್ದು: ಅರಿಜೋನಾದ ಮನೆ ಕಿಟಕಿಗಳು

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್, ಟೂಸಾನ್ ನಗರಗಳಲ್ಲಿ ಮನೆಯ ಹಳೆಯ ಕಿಟಕಿಗಳನ್ನು ಕಿತ್ತು ಹೊಸವನ್ನು ಕೂರಿಸುವುದು ಇಂದು ದೊಡ್ಡ ವ್ಯವಹಾರವಾಗಿದ್ದು, ಸೊನೋರಾ ಮರುಭೂಮಿಯ ಬಿಸಿಲನ್ನು ಒಳಗೆ ಬಿಡದ ಗಾಜು ಯಾವುದೆಂಬ ಪ್ರಶ್ನೆ ಅಲ್ಲಿನ ಮನೆಯವರನ್ನು ಒಂದಲ್ಲ ಒಂದು ದಿನ ಕಾಡುತ್ತದೆ. ಬಿಸಿಲು ಅನಾದಿಯದಾದರೂ ಈ ಪ್ರಶ್ನೆ ಕಳೆದ ಶತಮಾನದ ನಡುವಿನಲ್ಲಷ್ಟೇ ಹುಟ್ಟಿತು, ಏಕೆಂದರೆ ಅದಕ್ಕೂ ಹಿಂದೆ ಮನೆಯನ್ನು ತಂಪಾಗಿಡುವ ಹೊಣೆ ಗೋಡೆಗೆ ಮತ್ತು ನೆರಳಿಗೆ ಸೇರಿತ್ತು.

ಈ ಮರುಭೂಮಿಯ ಮೂಲನಿವಾಸಿಗಳಾದ ಹೊಹೊಕಾಮ್ ಜನರು 14ನೆಯ ಶತಮಾನದಲ್ಲಿ ಕಟ್ಟಿದ, ಇಂದಿಗೂ ನಿಂತಿರುವ ಕಾಸಾ ಗ್ರಾಂಡೆ ಎಂಬ ಮಹಾಗೃಹದ ಗೋಡೆಗಳು ಕಲೀಚೆ ಎಂಬ ಸುಣ್ಣ ಬೆರೆತ ಗಟ್ಟಿ ಮಣ್ಣಿನವು. ಬುಡದಲ್ಲಿ ಸುಮಾರು ನಾಲ್ಕು ಅಡಿ ದಪ್ಪವಿರುವ ಅವುಗಳಲ್ಲಿ ಬೆಳಕಿಗೆ ಬಿಟ್ಟಿರುವುದು ಸಣ್ಣ ಸಣ್ಣ ಕಿಂಡಿಗಳನ್ನು ಮಾತ್ರ. ಟೂಸಾನ್‌ನ ಹಳೆಯ ಕೇರಿಗಳಲ್ಲಿ ಮೆಕ್ಸಿಕೋದ ಸಂಪ್ರದಾಯದಂತೆ ಬೀದಿಗೆ ಒತ್ತಿ ಸಾಲಾಗಿ ಕಟ್ಟಿದ ಮನೆಗಳೂ ಸುಡದ ಮಣ್ಣಿಟ್ಟಿಗೆಯವೇ ಆಗಿದ್ದು, ಒಂದೂವರೆ ಅಡಿಗೂ ಮಿಕ್ಕಿದ ಆ ಗೋಡೆ ಹಗಲಿಡೀ ಹೀರಿದ ಕಾವನ್ನು ಒಳಕ್ಕೆ ದಾಟಿಸುವ ಹೊತ್ತಿಗೆ ಹೊರಗೆ ರಾತ್ರಿಯ ತಂಪು ಇಳಿದಿರುತ್ತಿತ್ತು. ಗೋಡೆಯ ದಪ್ಪದೊಳಗೆ ಹುದುಗಿದ್ದ ಕಿರಿದಾದ ಕಿಟಕಿಯ ಮರದ ಕದವನ್ನು ಬಿಸಿಲೇರುವ ಮುನ್ನ ಮುಚ್ಚಿದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು.

1880ರಲ್ಲಿ ಟೂಸಾನ್‌ಗೂ 1887ರಲ್ಲಿ ಫೀನಿಕ್ಸ್‌ಗೂ ರೈಲು ಬಂದಾಗ ಅದರೊಂದಿಗೆ ಸುಟ್ಟ ಇಟ್ಟಿಗೆ, ಕೊಯ್ದ ಮರ ಮತ್ತು ಗಾಜು ಬಂದವು. ಪೂರ್ವದಿಂದ ವಲಸೆ ಬಂದವರು ತಮ್ಮೂರಿನಂಥ ಮನೆಗಳನ್ನೇ ಬಯಸಿದರು. ಗೋಡೆ ತೆಳುವಾಗಿ ಕಿಟಕಿ ಹಿರಿದಾಯಿತಾದರೂ ಸುತ್ತ ಆಳವಾದ ಪಡಸಾಲೆ ಇರುತ್ತಿದ್ದುದರಿಂದ ಗಾಜಿಗೆ ನೇರ ಬಿಸಿಲು ತಗಲುವುದು ಕಡಿಮೆಯಿತ್ತು. ಬೇಸಿಗೆಯ ರಾತ್ರಿಗಳಲ್ಲಿ ಜನ ತಂತಿ ಜಾಲರಿ ಹೊಡೆದ ಪಡಸಾಲೆಯಲ್ಲೇ, ಸುತ್ತಲೂ ಒದ್ದೆ ಹೊದಿಕೆಗಳನ್ನು ಇಳಿಬಿಟ್ಟುಕೊಂಡು ಮಲಗುತ್ತಿದ್ದರು.

ಆ ಒದ್ದೆ ಬಟ್ಟೆಯ ತತ್ತ್ವವನ್ನೇ 1930ರ ದಶಕದ ಹೊತ್ತಿಗೆ ಯಂತ್ರಕ್ಕೆ ಅಳವಡಿಸಿದ ಕೂಲರ್‌ಗಳ ತಯಾರಿಕೆಗೆ ಫೀನಿಕ್ಸ್ ಹೆಸರಾಯಿತು. ನೀರು ತೊಟ್ಟಿಕ್ಕುವ ಮರದ ಹೆರೆಯ ಹಾಸುಗಳ ಮೂಲಕ ಫ್ಯಾನು ಹೊರಗಾಳಿಯನ್ನು ಎಳೆದು ಒಳಗೆ ತಳ್ಳುವ ಈ ಪೆಟ್ಟಿಗೆ ಕಲಬುರಗಿ, ರಾಯಚೂರುಗಳ ಬೇಸಿಗೆ ಕಂಡವರಿಗೆ ಚಿರಪರಿಚಿತ. ಒಳಬಂದ ಗಾಳಿ ಹೊರಹೋಗದಿದ್ದರೆ ಕೋಣೆ ತೇವಗಟ್ಟಿ ತಂಪು ನಿಲ್ಲುವುದರಿಂದ ಕೂಲರ್‌ಗೆ ಎದುರಿನ ಕಿಟಕಿ ಸ್ವಲ್ಪ ತೆರೆದೇ ಇರಬೇಕು; ಮನೆ ತಂಪಾಗಲು ಕಿಟಕಿಯ ರೆಕ್ಕೆ ಆಡಲೇಬೇಕಾಗಿದ್ದ ಕೊನೆಯ ಕಾಲ ಅದು.

ಎರಡನೆಯ ಮಹಾಯುದ್ಧದ ನಂತರ ಏರ್ ಕಂಡೀಷನರ್ ಸಾಮಾನ್ಯರ ಮನೆ ಹೊಕ್ಕಿತು. 1950ರಲ್ಲಿ ಸುಮಾರು 1,07,000 ಇದ್ದ ಫೀನಿಕ್ಸ್‌ನ ಜನಸಂಖ್ಯೆ, ಅಕ್ಕಪಕ್ಕದ ಪ್ರದೇಶಗಳನ್ನು ನಗರಕ್ಕೆ ಸೇರಿಸಿಕೊಂಡದ್ದೂ ಕೂಡಿ, 1960ರಲ್ಲಿ 4,39,000ಕ್ಕೆ ಏರಿತು. ಗೃಹನಿರ್ಮಾಪಕ ಜಾನ್ ಎಫ್. ಲಾಂಗ್ ಅವರ ಮೇರಿವೇಲ್‌ನಂಥ ಬಡಾವಣೆಗಳಲ್ಲಿ ಒಂದೇ ಅಚ್ಚಿನ, ಅಗ್ಗದ, ಒಂದಂತಸ್ತಿನ ಮನೆಗಳು ಸಾವಿರಗಟ್ಟಲೆ ಎದ್ದವು. ಅವುಗಳ ಕಿಟಕಿಗೆ ಉಕ್ಕಿನ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಒಂಟಿ ಗಾಜು. ತನ್ನ ಮೇಲೆ ಬೀಳುವ ಬಿಸಿಲಿನ ಶಾಖದಲ್ಲಿ ಹತ್ತಕ್ಕೆ ಎಂಟು ಪಾಲನ್ನು ಒಳಗೆ ಬಿಡುವ ಅಂಥ ಗಾಜನ್ನು ಮರುಭೂಮಿಯಲ್ಲಿ ಹಾಕಿದ್ದನ್ನು ಅಜ್ಞಾನವೆನ್ನುವುದು ಸರಿಯಾಗದು: ವಿದ್ಯುತ್ ಅಗ್ಗವಿರುವವರೆಗೆ ಆ ಲೆಕ್ಕ ಸರಿಯಾಗಿಯೇ ಇತ್ತು.

1973ರ ತೈಲ ಬಿಕ್ಕಟ್ಟು ಲೆಕ್ಕವನ್ನು ಬುಡಮೇಲು ಮಾಡಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಪ್ರೋತ್ಸಾಹದೊಂದಿಗೆ ಬೆಳೆದು 1980ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಲೋ-ಇ ಗಾಜು, ಅಂದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವುಳ್ಳ ಗಾಜು, ಮೊದಲು ಚಳಿನಾಡುಗಳ ಮನೆಯ ಬಿಸಿಯನ್ನು ಒಳಗೇ ಉಳಿಸಲು ಹುಟ್ಟಿದ್ದು. ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಬೆಳ್ಳಿಯ ಪದರಗಳನ್ನು ಹೆಚ್ಚಿಸಿ, ಬೆಳಕನ್ನು ಬಿಟ್ಟು ಆ ಕಿರಣಗಳನ್ನು ಮರಳಿಸುವಂತೆ ಮಾಡಿದ ಮೇಲೆಯೇ ಅದು ಮರುಭೂಮಿಗೆ ಒಗ್ಗಿತು. ಜೋಡಿ ಗಾಜಿನಲ್ಲಿ ಈ ಲೇಪ ಹೊರಗಾಜಿನ ಒಳಮೈಗೆ ಇರಬೇಕು. 1989ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಫೆನೆಸ್ಟ್ರೇಷನ್ ರೇಟಿಂಗ್ ಕೌನ್ಸಿಲ್ ಪ್ರಮಾಣೀಕರಿಸಿದ ಕಿಟಕಿಗೆ ಅಂಟಿಸುವ ಚೀಟಿಯಲ್ಲಿ ಎಸ್‌ಎಚ್‌ಜಿಸಿ ಎಂಬ ಅಂಕಿಯಿದ್ದು, ಬಿದ್ದ ಸೌರಶಾಖದಲ್ಲಿ ಎಷ್ಟು ಭಾಗ ಒಳಬರುತ್ತದೆಂಬುದನ್ನು ಅದು ತಿಳಿಸುತ್ತದೆ; 2015ರಿಂದ 2023ರವರೆಗೆ ದಕ್ಷಿಣದ ಬಿಸಿ ವಲಯದಲ್ಲಿ ಇಂಧನ ಉಳಿತಾಯದ ಎನರ್ಜಿ ಸ್ಟಾರ್ ಮುದ್ರೆ ಪಡೆಯಲು ಇದು 0.25 ಮೀರಬಾರದೆಂದಿತ್ತು.

ಅಂಕಿಗೆ ದಿಕ್ಕು ಗೊತ್ತಿಲ್ಲವೆಂಬುದೇ ಅದರ ಕೊರತೆ. ಜೂನ್ ನಡುಹಗಲಿನಲ್ಲಿ ಫೀನಿಕ್ಸ್‌ನ ಸೂರ್ಯ ಸುಮಾರು 80 ಡಿಗ್ರಿ ಎತ್ತರದಲ್ಲಿರುವುದರಿಂದ ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜಾ ಸಾಕು. ಪಡುವಣದ ಕಿಟಕಿಗಾದರೋ ಸಂಜೆಯ ಬಿಸಿಲು ಸಜ್ಜಾದ ಕೆಳಗೆ ನೇರವಾಗಿ ನುಗ್ಗುತ್ತದೆ. ಚೌಕಟ್ಟಿನ ಸಮಸ್ಯೆ ಬೇರೆಯೇ: ಅಲ್ಯೂಮಿನಿಯಂ ಕಾವನ್ನು ಒಳಕ್ಕೆ ಹರಿಸುತ್ತದೆ, ಪಿವಿಸಿ ಹರಿಸದಿದ್ದರೂ ಗಾಜಿಗಿಂತ ಹಲವು ಪಟ್ಟು ಹಿಗ್ಗುತ್ತದೆ, ಗಾಢ ಬಣ್ಣದ್ದಾದರೆ ಸೊಟ್ಟಗಾಗುವುದೂ ಉಂಟು. ಮರಳಿಸಿದ ಶಾಖವೂ ಎಲ್ಲಿಯಾದರೂ ಬೀಳಲೇಬೇಕಲ್ಲ. ಒಳಗಿನ ಒತ್ತಡ ಇಳಿದು ಜೋಡಿ ಗಾಜು ತುಸು ಒಳಬಾಗಿದಾಗ ಅದು ನಿಮ್ನ ದರ್ಪಣದಂತಾಗಿ ಅಂಗಳದ ಕೃತಕ ಹುಲ್ಲುಹಾಸನ್ನು ಕರಗಿಸಿದ ಪ್ರಸಂಗಗಳಿವೆ.

ಈ ಕಾರಣಗಳಿಂದ, ಹಳೆಯ ಬಡಾವಣೆಗಳಲ್ಲಿ ಉಕ್ಕಿನ ಕಿಟಕಿಯನ್ನು ಉಳಿಸಿಕೊಂಡು ಹೊರಗಡೆ ದಟ್ಟ ನೇಯ್ಗೆಯ ಜಾಲರಿ ಪರದೆ ಕಟ್ಟುವವರ ನಡೆ, ಮಾರಾಟಗಾರರು ಏನೇ ಹೇಳಲಿ, ಬರಿಯ ಜಿಪುಣತನವಲ್ಲ. ಬಿಸಿಲಿನ ಶೇಕಡ 80ರಿಂದ 90ರಷ್ಟನ್ನು ಗಾಜಿನ ಹೊರಗೇ ತಡೆಯುವ ಈ ಪರದೆಗಳು ಕೋಣೆಯನ್ನು ಮಬ್ಬಾಗಿಸುತ್ತವೆ, ನೋಟವನ್ನೂ ಕೆಡಿಸುತ್ತವೆ. ಆದರೆ ನವೆಂಬರ್‌ನಲ್ಲಿ ಕಳಚಿಟ್ಟರೆ ಚಳಿಗಾಲದ ಇಳಿಬಿಸಿಲು ಒಳಬರುತ್ತದೆ, 0.25ರ ಗಾಜು ಆ ಬಿಸಿಲನ್ನೂ ಜೂನ್ ತಿಂಗಳಿನಂತೆಯೇ ತಡೆಯುತ್ತದೆ.