ಕಂಟ್ರೋಲ್ ಅಂಗಡಿ ಅನ್ನೋ ಮಾತು ಎಲ್ಲಿಂದ ಬಂತು?

ರೇಶನ್ ಅಂಗಡಿಗೆ ನಮ್ಮ ಧಾರವಾಡ ಕಡೆ ಹಿರಿಯರು ಇನ್ನೂ ಕಂಟ್ರೋಲ್ ಅಂಗಡಿ ಅಂತನ ಅಂತಾರ. ಈ ಮಾತು ಬಂದದ್ದು ಎರಡನೇ ಮಹಾಯುದ್ಧದ ಕಾಲಕ್ಕ. ನಮ್ಮೂರಾಗ ಒಂದು ಗುಂಡೂ ಹಾರಲಿಲ್ಲ ಖರೆ, ಆದ್ರ ಯುದ್ಧ ನೆಟ್ಟಗ ಅಡಗಿ ಮನಿಗೇ ಬಂತು ನೋಡ್ರಿ.

1942ರ ಮಾರ್ಚ್‌ದಾಗ ಜಪಾನದವರು ರಂಗೂನ್ ಹಿಡಿದ್ರು. ಬರ್ಮಾ ಎಲ್ಲಿ, ನಾವೆಲ್ಲಿ ಅನಬ್ಯಾಡ್ರಿ. ಹೊರಗಿಂದ ನಮ್ಮ ದೇಶಕ್ಕ ಬರೋ ಅಕ್ಕಿಯೊಳಗ ಹೆಚ್ಚಿನ ಪಾಲು ಅಲ್ಲಿಂದನ. ಚಿಮಣಿ ಎಣ್ಣಿನೂ ಬಾಳ ಅಲ್ಲಿಂದನ ಬರ್ತಿತ್ತು. ನಾವು ಜ್ವಾಳದ ರೊಟ್ಟಿ ಮಂದಿ, ಅಕ್ಕಿ ಇಲ್ಲದಿದ್ರೂ ನಡೀತದ. ದೀಪ ಇಲ್ಲದ ಹೆಂಗ? ಕಂದೀಲಿನ ಬತ್ತಿ ಸಣ್ಣ ಮಾಡೋದು, ಹೊತ್ತು ಮುಳುಗೋದ್ರಾಗ ಊಟ ಮುಗಸೋದು, ಈ ರೂಢಿ ನಮ್ಮ ಅಜ್ಜಿಗೆ ಕರೆಂಟ್ ಬಂದ ಮ್ಯಾಲೂ ಹೋಗಲಿಲ್ಲ.

ರೊಕ್ಕದ ರೂಪಾನೂ ಬದಲಾತು. 1940ರಾಗ ರೂಪಾಯಿಯೊಳಗಿನ ಬೆಳ್ಳಿ ಅರ್ಧಕ್ಕ ಇಳಿಸಿದ್ರು. 1943ರಾಗ ತಾಮ್ರ ಉಳಸಲಿಕ್ಕೆ ಪೈಸಾದ ನಡುವ ತೂತು ಹಾಕಿದ್ರು. ಹಳೇ ರೂಪಾಯಿ ಗಡಿಗ್ಯಾಗ ಮುಚ್ಚಿಟ್ಟ ಹೆಣ್ಮಕ್ಕಳು ಸುಮ್ಮನ ಇಟ್ಟಿರಲಿಲ್ಲ!

ಸರ್ಕಾರ ಮೊದಲು ಬರೇ ದರ ಗೊತ್ತು ಮಾಡ್ತು. ದರದ ಹಲಗಿ ಅಂಗಡಿ ಮುಂದ, ಮಾಲು ಮಾತ್ರ ಹಿತ್ತಲ ಬಾಗಲಿಂದ ಕಾಳಸಂತಿಗೆ. ದರ ಕಟ್ಟಿದ್ರ ಸಾಲದು, ಮನಿಗೆ ಇಷ್ಟು ಅಂತ ಮಾಲೂ ಅಳದು ಕೊಡಬೇಕು. ನಾವು ಆಗ ಮುಂಬಯಿ ಪ್ರಾಂತದವರು. ಮುಂಬಯಿ ಶಹರದಾಗ 1943ರ ಮೇ ತಿಂಗಳಿಂದ ಕಾರ್ಡ್ ಮ್ಯಾಲೆ ಧಾನ್ಯ ಕೊಡಲಿಕ್ಕೆ ಹತ್ತಿದ್ರು. ಕಲಕತ್ತಾಕ್ಕ ಕಾರ್ಡ್ ಬಂದದ್ದು 1944ರ ಜನವರಿ ಕಡೀಕ.

ಅಷ್ಟೊತ್ತಿಗೆ ಬಂಗಾಲದಾಗ ಆಗಬಾರದ್ದು ಆಗಿ ಹೋಗಿತ್ತು. 1942ರ ಸುರುವಿಗೆ ಮಣಕ್ಕ ಸುಮಾರು 6 ರೂಪಾಯಿ ಇದ್ದ ಅಕ್ಕಿ, 1943ರ ಮೇ ಹೊತ್ತಿಗೆ 30ಕ್ಕ ಮುಟ್ಟಿತ್ತು. ಕೂಲಿ ಅಷ್ಟು ಏರಬೇಕಲ್ಲ? ಕಲಕತ್ತಾದ ಕಾರಖಾನಿ ನೌಕರರಿಗೆ ಕಡಿಮಿ ದರದ ಅಕ್ಕಿ ಸಿಗ್ತಿತ್ತು, ಯಾಕಂದ್ರ ಯುದ್ಧದ ಸಾಮಾನು ತಯಾರಾಗಬೇಕಿತ್ತು. ಆ ಅಕ್ಕಿ ಬೆಳೀಲಿಕ್ಕೆ ದುಡಿದ ಹಳ್ಳಿ ಕೂಲಿಯವರಿಗೆ ಅದು ಇಲ್ಲ. ಅವರು ಭಾಂಡಿ ಮಾರಿದ್ರು, ಹೊಲ ಮಾರಿದ್ರು, ಆಮ್ಯಾಲ ಶಹರದ ಬೀದ್ಯಾಗ ಬಂದು ಬಿದ್ದರು. ಸತ್ತವರು 15 ಲಕ್ಷ ಅಂತ ಸರ್ಕಾರದ ಆಯೋಗನ ಹೇಳ್ತು. ಮುಂದಿನ ಲೆಕ್ಕ 30 ಲಕ್ಷದ ತನಕ ಹೋಗ್ತಾವ. ಇದಕ್ಕ ಬರ ಅನ್ನಲಿಕ್ಕೆ ನನಗಂತೂ ಬಾಯಿ ಬರೂದಿಲ್ಲ.

1945ರಾಗ ಯುದ್ಧ ನಿಂತ್ರೂ ಕಂಟ್ರೋಲ್ ನಿಲ್ಲಲಿಲ್ಲ. ಗಾಂಧೀಜಿ ಇದನ್ನ ತಗೀರಿ ಅಂತ ಹಟ ಹಿಡಿದ್ರು. 1947ರ ಡಿಸೆಂಬರ್‌ದಿಂದ ತಗೀಲಿಕ್ಕೂ ಹತ್ತಿದ್ರು. ದರ ಏರಿದ್ದು ಏರಿದ್ದ. 1948ರಾಗ ತಿರುಗಿ ಕಂಟ್ರೋಲ್ ಬಂತು, ಹೆಣ್ಮಕ್ಕಳು ತಿರುಗಿ ಚೀಲಾ ಹಿಡಕೊಂಡು ಸಾಲಿಗೆ ನಿಂತ್ರು.