ಕಪಿಲೆ ಮಿಣಿಯಿಂದ ನೀಲಿ ಡ್ರಮ್ಮಿನವರೆಗೆ: ನಮ್ಮ ಕಡೆ ವೈರು ಸುತ್ತಿಟ್ಟ ಕಥೆ

ಬೋರ್‌ವೆಲ್ ಬಗ್ಗೆ, ಪಂಪ್‌ಸೆಟ್ ಬಗ್ಗೆ ಎಷ್ಟೋ ಜನ ಬರೀತಾರೆ. ಆ ಮೋಟರಿಗೆ ಕರೆಂಟು ತರೋ ವೈರನ್ನ ನಾವು ಇಷ್ಟು ವರ್ಷ ಯಾವುದರಲ್ಲಿ ಸುತ್ತಿಟ್ಕೊಂಡು ಬಂದ್ವಿ ಅಂತ ಯಾರೂ ಬರೆದಿದ್ದು ನಾನು ನೋಡಿಲ್ಲ. ಆನೇಕಲ್, ಸರ್ಜಾಪುರ, ಹೊಸಕೋಟೆ ಕಡೆ ಯಾವುದಾದ್ರೂ ಹಳೇ ರೈತನ ಮನೆ ಹಿತ್ತಲಿಗೆ ಹೋಗಿ ನೋಡಿ. ಕತ್ತರಿಸಿದ ಡ್ರಮ್ಮೋ, ಮುರುಕಲು ಪೆಟ್ಟಿಗೆಯೋ ಒಂದು ಇರತ್ತೆ, ಒಳಗೆ ವೈರು. ಅಂಗಡೀಲಿ ಕೊಂಡಿದ್ದಲ್ಲ, ಕೈಯಾರೆ ಮಾಡಿಕೊಂಡಿದ್ದು. ಅದು ಯಾವ ಸಾಮಾನಿನಿಂದ ಮಾಡಿದ್ದು ಅಂತ ನೋಡಿದ್ರೆ ಆ ಹೊತ್ತಿಗೆ ಬೆಂಗಳೂರು ಎಲ್ಲಿವರೆಗೂ ಬಂದಿತ್ತು ಅಂತ ಗೊತ್ತಾಗತ್ತೆ. ಎಷ್ಟು ದೊಡ್ಡದು ಅಂತ ನೋಡಿದ್ರೆ ನೀರು ಎಲ್ಲಿವರೆಗೂ ಇಳಿದಿತ್ತು ಅಂತ ಗೊತ್ತಾಗತ್ತೆ.

ವೈರಿಗೂ ಮುಂಚೆ ಇದ್ದದ್ದು ಹಗ್ಗ. ಕಪಿಲೆ ಬಾವಿ ಕಾಲದಲ್ಲಿ ಜೋಡೆತ್ತು ಇಳಿಜಾರಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು ನೀರೆತ್ತೋವು. ಎತ್ತಿಗೂ ಬಾನಿಗೂ ನಡುವೆ ಇದ್ದದ್ದು ಮಿಣಿ, ಚರ್ಮದ ಹಗ್ಗ. ಅದನ್ನ ಹದ ಮಾಡಿ ಹೊಸೆದು ಕೊಡೋರಿಗೆ ಸುಗ್ಗೀಲಿ ಕಣದಲ್ಲೇ ಆಯ ಅಳೀತಿದ್ರು. ಅವರ ಕೈಗುಣ ಇಲ್ಲದಿದ್ರೆ ಯಾವ ಗೌಡನ ಗದ್ದೆಗೂ ನೀರಿಲ್ಲ, ಈ ಮಾತು ಬರೆದೋರು ಕಮ್ಮಿ. ಮಿಣಿ ಸಾಕೋದು ಎತ್ತು ಸಾಕಿದಷ್ಟೇ ಕಷ್ಟ ಅಂತ ನಮ್ಮಪ್ಪ ಹೇಳೋರು. ನೆಂದ್ರೆ ಕೊಳೆಯತ್ತೆ, ಒಣಗಿದ್ರೆ ಬಿರಿಯತ್ತೆ, ಇಲಿ ಕಡಿಯತ್ತೆ, ನಾಯಿ ಎಳ್ಕೊಂಡು ಹೋಗತ್ತೆ. ಅದಕ್ಕೆ ಎಣ್ಣೆ ಸವರಿ, ದೊಡ್ಡ ದೊಡ್ಡ ಸುತ್ತು ಹಾಕಿ, ಅಟ್ಟದ ಕೆಳಗೆ ಗೂಟಕ್ಕೆ ನೇತುಹಾಕೋರು. ಬಿಗಿಯಾಗಿ ಸುತ್ತಿದ್ರೆ ಬೈಗುಳ ಗ್ಯಾರಂಟಿ.

ಕರೆಂಟು ನಮ್ಮ ಸೀಮೆಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ಕೊಟ್ರು. 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ಗಣಿಗೆ ಹೋಯ್ತು, ಪೇಟೆಗೆ ಹೋಯ್ತು, ನಡುವಿನ ಹಳ್ಳಿಗಳು ಬುಡ್ಡಿ ದೀಪ ಹಚ್ಕೊಂಡು ಕೂತಿದ್ವು. ಬಾವಿಗಳಿಗೆ ಮೋಟರು ಕೂತಿದ್ದು ಹೆಚ್ಚಾಗಿ 1957ರಲ್ಲಿ ವಿದ್ಯುತ್ ಮಂಡಳಿ ಆದಮೇಲೆ.

ಆಗ ವೈರು ಅಂದ್ರೆ ಮನೇಲಿ ಬೆಲೆಬಾಳೋ ಸಾಮಾನು. ತಾಮ್ರದ್ದು ನೋಡಿ, ರಾತ್ರಿ ಬಾವಿ ಹತ್ರ ಬಿಟ್ರೆ ಬೆಳಿಗ್ಗೆ ಇರ್ತಿರಲಿಲ್ಲ. ಸಂಜೆ ಬಿಚ್ಚಿ ಹೆಗಲಿಗೆ ಹಾಕ್ಕೊಂಡು ಮನೆಗೆ ತರೋರು. ತಂದು ಎಲ್ಲಿಗೆ ಹಾಕಿದ್ರು ಅಂತೀರಾ? ಮಿಣಿ ನೇತಾಡ್ತಿದ್ದ ಅದೇ ಗೂಟಕ್ಕೆ. ಆಮೇಲೆ ಮಂಕರಿಗೆ ಬಂತು. ಮಂಕರಿ ಒಳ್ಳೇದೇ, ಗಾಳಿ ಆಡತ್ತೆ, ನೀರು ನಿಲ್ಲಲ್ಲ. ಆದ್ರೆ ಇಲಿಗೆ ಬಿದಿರೂ ಒಂದೇ, ರಬ್ಬರೂ ಒಂದೇ. ಅದಕ್ಕೆ ಸೀಮೆಎಣ್ಣೆ ಡಬ್ಬ ಬಂತು, ಬಾಯಿ ಕತ್ತರಿಸಿ, ಅಂಚು ಕೈ ಕೊಯ್ಯದ ಹಾಗೆ ಮಡಚಿ ಬಡಿದಿದ್ದು.

ಬೇಸಿಗೇಲಿ ಬಾವಿ ನೀರು ಇಳಿದಾಗ ಮೋಟರನ್ನ ಬಾವಿ ಒಳಗೆ ಒಂದು ಮೆಟ್ಟಿಲು ಕೆಳಗೆ ಇಳಿಸೋರು. ಮೋಟರು ಇಳಿದಷ್ಟೂ ವೈರಿಗೆ ತುಂಡು ಸೇರಬೇಕು, ಟೇಪು ಸುತ್ತಬೇಕು. ಮುಂದಿನ ವರ್ಷ ಇನ್ನೊಂದು ಮೆಟ್ಟಿಲು, ಇನ್ನೊಂದು ತುಂಡು. ಡಬ್ಬ ಸಾಲದೆ ಬಂತು. ಆಮೇಲೆ ಬೋರು, ಸಬ್‌ಮರ್ಸಿಬಲ್ ಪಂಪು. ಬಂಗಾರಪ್ಪನವರು ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು ಕೊಟ್ರು. ಯಾರನ್ನೂ ದೂರೋಕೆ ಹೇಳ್ತಿಲ್ಲ, ಆದ್ರೆ ಮೀಟರು ನೋಡಿ ಮೋಟರು ನಿಲ್ಸೋ ಅಭ್ಯಾಸ ಅಲ್ಲಿಗೆ ಹೋಯ್ತು. ಈಗ ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರು ಎಷ್ಟೋ ಇವೆ. ಬತ್ತಿದ ಬೋರಿಂದ ಮೇಲೆತ್ತಿದ ಕೇಬಲ್ಲು ಯಾವ ಪೆಟ್ಟಿಗೇಲೂ ಹಿಡಿಯಲ್ಲ. ಹುಣಸೇ ಮರದ ಕೊಂಬೆಗೆ ಸುತ್ತಿ ನೇತುಹಾಕಿರ್ತಾರೆ, ಗುಜರಿಯವನು ಬರೋವರೆಗೂ.

ಇಷ್ಟರಲ್ಲಿ ಆ ಕಡೆ ಪೀಣ್ಯ ಬೆಳೀತು, ಈ ಕಡೆ ಬೊಮ್ಮಸಂದ್ರ. ಎಪ್ಪತ್ತರ ದಶಕದ ಕೊನೇಲಿ ಆರ್. ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ ಕಿಯೋನಿಕ್ಸ್‌ನವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೇಲಿ ಎಲೆಕ್ಟ್ರಾನಿಕ್ಸ್ ಸಿಟಿ ಶುರು ಮಾಡಿದ್ರು. ಆ ಎಕರೆಗಳಲ್ಲಿ ಏನು ಬೆಳೀತಿತ್ತು ಅಂತ ನಮ್ಮ ವಯಸ್ಸಿನೋರಿಗೆ ಗೊತ್ತು, ಇರಲಿ. ಫ್ಯಾಕ್ಟರಿಗಳು ಬಂದಮೇಲೆ ಗುಜರಿ ಅಂಗಡಿಗಳೂ ಬಂದ್ವು. ಮಿಷಿನ್ನು ತುಂಬಿ ಬಂದ ಪೈನ್ ಮರದ ಪೆಟ್ಟಿಗೆ ನಮ್ಮ ಮೊದಲನೇ ವೈರ್ ಪೆಟ್ಟಿಗೆ ಆಯ್ತು. ಎರಡು ಮಳೆಗಾಲಕ್ಕೆ ಗೆದ್ದಲು ಮುಗಿಸ್ತು. ರಸ್ತೆ ಅಗೆದು ಕೇಬಲ್ಲು ಹೂಳೋರು ಬಿಟ್ಟುಹೋದ ಮರದ ದೊಡ್ಡ ಚಕ್ರಗಳನ್ನ ಉರುಳಿಸ್ಕೊಂಡು ಬಂದು ನಡುವೆ ಕಬ್ಬಿಣದ ಸಲಾಕೆ ತೂರಿಸಿ ರಾಟೆ ಮಾಡ್ಕೊಂಡೋರೂ ಇದ್ರು. ಕೊನೆಗೆ ಉಳಿದದ್ದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ತುಕ್ಕಿಲ್ಲ, ಗೆದ್ದಲಿಲ್ಲ. ಒಂದು ಮಾತು: ಒಳಗೆ ಮುಂಚೆ ಏನು ಕೆಮಿಕಲ್ಲಿತ್ತು ಅಂತ ಗೊತ್ತಿಲ್ಲದ ಡ್ರಮ್ಮಲ್ಲಿ ಕುಡಿಯೋ ನೀರು ತುಂಬೋರು ಇದ್ದಾರೆ, ಅದು ಬೇಡ. ವೈರಿಗೆ ಆಗಬಹುದು, ಅದೂ ಚೆನ್ನಾಗಿ ತೊಳೆದು.

ಬೊಮ್ಮಸಂದ್ರ ಅಂದೆನಲ್ಲ, ಅಲ್ಲೇ ಚೇತನ್ ಮೈನಿ ಅವರ ಕಂಪನಿ ರೇವಾ ಕಾರು ಮಾಡಿದ್ದು. 2001ರಲ್ಲಿ ರಸ್ತೆಗೆ ಬಂತು. ಪೆಟ್ರೋಲಿಲ್ಲ, ಸೀಸದ ಬ್ಯಾಟರಿ, ಮನೆಯ 15 ಆಂಪಿಯರ್ ಪ್ಲಗ್ಗಿಗೆ ವೈರು ಹಾಕಿ ಗಂಟೆಗಟ್ಲೆ ಚಾರ್ಜ್ ಮಾಡಬೇಕು. ಆಟದ ಸಾಮಾನು ಅಂತ ನಕ್ಕೋರೇ ಜಾಸ್ತಿ. ನನಗೆ ಕಂಡಿದ್ದು ಬೇರೆ: ಪೇಟೆಯೋರೂ ಈಗ ನಮ್ಮ ಹಾಗೆ ವೈರು ಸುತ್ತಿಡೋದನ್ನ ಕಲೀಬೇಕು ಅಂತ.

ಇಪ್ಪತ್ತು ವರ್ಷದ ಮೇಲೆ ಅದೇ ಆಗ್ತಿದೆ. ನಮ್ಮ ಹೊಲದ ಪಕ್ಕದ ಲೇಔಟಿನ ಒಬ್ಬ ಹುಡುಗ, ವೈಟ್‌ಫೀಲ್ಡಲ್ಲಿ ಕೆಲಸ, ವ್ಯಾನನ್ನ ಮನೆ ಥರ ಮಾಡ್ಕೊಂಡು ರಜಾ ದಿನ ಊರೂರು ಸುತ್ತಾನೆ. ಹೋದ ಕಡೆ ಯಾರದ್ದಾದರೂ ತೋಟದಲ್ಲಿ ನಿಲ್ಲಿಸಿ ಕರೆಂಟು ಕೇಳಿ ತಗೊಳ್ತಾನೆ. "ಅಂಕಲ್, ಈ ಕೇಬಲ್ ಇಡೋಕೆ ಬಾಕ್ಸ್ ಆನ್‌ಲೈನಲ್ಲಿ ಸಿಕ್ಕಾಪಟ್ಟೆ ರೇಟು" ಅಂದ. "ಬಾರಪ್ಪ" ಅಂತ ಹಿತ್ತಲಿಗೆ ಕರ್ಕೊಂಡು ಹೋದೆ. 50 ಲೀಟರಿನ ಡ್ರಮ್ಮು, ಮೇಲಿನ ಬಾಯಿ ಅಗಲವಾಗಿ ಕೊಯ್ದು ಅಂಚು ಉಜ್ಜಿದ್ವಿ. ತಳಕ್ಕೆ ಆರು ತೂತು, ನೀರು ಇಳಿಯೋಕೆ. ಪಕ್ಕಕ್ಕೆ ನಾಲ್ಕು, ಗಾಳಿಗೆ. ನಡುವೆ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು ನಿಲ್ಲಿಸಿ ತಳಕ್ಕೆ ಬೋಲ್ಟು ಹಾಕಿದ್ವಿ. ವೈರು ಅದರ ಸುತ್ತ ಸಡಿಲವಾಗಿ ಕೂರತ್ತೆ, ಪ್ಲಗ್ಗು ಪೈಪಿನೊಳಗೆ ಒಣಗಿರತ್ತೆ. ಒಂದು ಸುತ್ತು ಹೊರಮುಖ, ಒಂದು ಸುತ್ತು ಒಳಮುಖ ಹಾಕಿದ್ರೆ ಎಳೆದಾಗ ಮುರಿ ಬೀಳಲ್ಲ. ತೂತಿಗೆ ಕಬ್ಬಿಣದ ಜಾಲರಿ ಮರೀಬೇಡಿ, ಇಲಿ ಇನ್ನೂ ಇದೆ.

ಅವನಿಗೆ ಎರಡು ಸಲ ಹೇಳಿದ್ದನ್ನ ನಿಮಗೂ ಹೇಳ್ತೀನಿ. ಡ್ರಮ್ಮಿನಿಂದ ಬೇಕಾದಷ್ಟೇ ವೈರು ಎಳ್ಕೊಂಡು, ಮಿಕ್ಕಿದ್ದು ಸುತ್ತಿದ ಹಾಗೇ ಬಿಟ್ಟು ದೊಡ್ಡ ಲೋಡು ಹಾಕಬೇಡಿ. ಸುತ್ತಿನೊಳಗಿನ ಬಿಸಿಗೆ ಹೊರಗೆ ಹೋಗೋ ದಾರಿ ಇರಲ್ಲ, ಪ್ಲಾಸ್ಟಿಕ್ ಕರಗತ್ತೆ, ಒಂದಕ್ಕೊಂದು ತಾಗತ್ತೆ. ನಮ್ಮೂರಲ್ಲೇ ಒಬ್ಬರ ಕೊಟ್ಟಿಗೇಲಿ ಮೇವು ಕತ್ತರಿಸೋ ಮಿಷಿನ್ನಿಗೆ ಹೀಗೇ ಹಾಕಿದ್ರು. ಡ್ರಮ್ಮು ಹತ್ತಿಕೊಂಡಾಗ ಪಕ್ಕದಲ್ಲೇ ಒಣಹುಲ್ಲು. ಹಸು ಬಿಚ್ಚೋಷ್ಟು ಹೊತ್ತು ಸಿಕ್ಕಿತು, ಹುಲ್ಲು ಉಳೀಲಿಲ್ಲ. ಪೂರ್ತಿ ಬಿಚ್ಚಿ, ನೆಲದ ಮೇಲೆ ಹರಡಿ, ಆಮೇಲೆ ಸ್ವಿಚ್ಚು. 15 ಆಂಪಿಯರ್ ಪ್ಲಗ್ಗಿಗೆ ಎರಡೂವರೆ ಎಂಎಂಗಿಂತ ಸಣ್ಣ ವೈರು ಬೇಡ.

ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿಡಿ: ಎಷ್ಟು ಮೀಟರು, ಎಷ್ಟು ಎಂಎಂ, ಜಾಯಿಂಟು ಎಲ್ಲಿದೆ. ಕತ್ತಲಲ್ಲಿ ತ್ರೀ ಫೇಸ್ ಬಂತು ಅಂತ ಓಡೋವಾಗ ನೆನಪಿರಲ್ಲ. ಆ ಹುಡುಗನ ಡ್ರಮ್ಮಿನ ಮೇಲೆ "30 ಮೀಟರು, ಎರಡೂವರೆ, ಜಾಯಿಂಟಿಲ್ಲ, ಪೂರ್ತಿ ಬಿಚ್ಚು" ಅಂತ ನಾನೇ ಬರೆದುಕೊಟ್ಟೆ.