ಪ್ಯಾಡ್ ಇಲ್ಲದ ಅಭ್ಯಾಸ: ಡಚ್ ಡ್ರಿಲ್ ಹುಟ್ಟಿದ ಕಥೆ

ಕಿಕ್‌ಬಾಕ್ಸಿಂಗ್ ಕ್ಲಾಸ್‌ಗೆ ಹೋದವರಿಗೆ ಇದು ಗೊತ್ತಿರುತ್ತೆ. ಇಬ್ಬರು ಎದುರುಬದುರು ನಿಲ್ತಾರೆ. ಒಬ್ಬ ಜ್ಯಾಬ್, ಕ್ರಾಸ್, ಹುಕ್ ಹೊಡೆದು, ಕೊನೆಗೆ ತೊಡೆಗೊಂದು ಲೋ ಕಿಕ್ ಬಿಡ್ತಾನೆ. ಇನ್ನೊಬ್ಬ ಗ್ಲೌಸ್‌ನಲ್ಲಿ ಪಂಚ್ ತಡೆದು, ಒದೆಯನ್ನ ಮೊಣಕಾಲಿನ ಕೆಳಗಿನ ಗಾರ್ಡ್ ಮೇಲೆ ತಗೊಂಡು, ಅದೇ ಸರಣಿಯನ್ನ ವಾಪಸ್ ಕೊಡ್ತಾನೆ. ಯಾರ ಕೈಯಲ್ಲೂ ಪ್ಯಾಡ್ ಇಲ್ಲ. ಇದಕ್ಕೆ ಡಚ್ ಡ್ರಿಲ್ ಅಂತ ಹೆಸರು. ನೆದರ್‌ಲ್ಯಾಂಡ್ಸ್‌ಗೂ ಈ ಒದೆತಕ್ಕೂ ಏನು ಸಂಬಂಧ? ಉತ್ತರ ಹುಡುಕೋಕೆ ಮೊದಲು ಬ್ಯಾಂಕಾಕ್‌ಗೆ ಹೋಗಬೇಕು.

1964ರ ಫೆಬ್ರವರಿ, ಲುಂಪಿನಿ ಸ್ಟೇಡಿಯಂ. ಜಪಾನಿನ ಮೂವರು ಕ್ಯೋಕುಶಿನ್ ಕರಾಟೆ ಪಟುಗಳು ಥಾಯ್ ಬಾಕ್ಸರ್‌ಗಳ ಎದುರು ಇಳಿದರು. ಇಬ್ಬರು ಗೆದ್ದರು. ಸೋತವರು ಕೆಂಜಿ ಕುರೊಸಾಕಿ. ಆದರೆ ಈ ಕಥೆಯನ್ನ ಮುಂದಕ್ಕೆ ಒಯ್ದಿದ್ದು ಆ ಸೋತವರೇ. ಎರಡು ವರ್ಷದ ನಂತರ ಒಸಾಮು ನೊಗುಚಿ ಅನ್ನೋ ಪ್ರಮೋಟರ್ ಜಪಾನಿನಲ್ಲಿ ಹೊಸ ಪಂದ್ಯಗಳನ್ನ ಶುರುಮಾಡಿದರು, ಅದಕ್ಕೆ ‘ಕಿಕ್‌ಬಾಕ್ಸಿಂಗ್’ ಅಂತ ಹೆಸರಿಟ್ಟರು. ಹೌದು, ಇಂಗ್ಲಿಷ್ ಹೆಸರು, ಹುಟ್ಟಿದ್ದು ಜಪಾನಿನಲ್ಲಿ!

ಕುರೊಸಾಕಿ ಟೋಕಿಯೊದಲ್ಲಿ ಮೆಜಿರೊ ಜಿಮ್ ತೆರೆದರು. ಅವರ ಶಿಷ್ಯ ತೊಶಿಯೊ ಫುಜಿವಾರ 1978ರಲ್ಲಿ ಬ್ಯಾಂಕಾಕ್‌ನ ರಾಜದಮ್ನೆರ್ನ್ ಪ್ರಶಸ್ತಿ ಗೆದ್ದರು. ಥಾಯ್ ಅಲ್ಲದವರೊಬ್ಬರು ಅದನ್ನ ಗೆದ್ದಿದ್ದು ಅದೇ ಮೊದಲು. ಅದೇ ವರ್ಷ, ಕುರೊಸಾಕಿ ಹತ್ತಿರ ಕಲಿತಿದ್ದ ಯಾನ್ ಪ್ಲಾಸ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಜಿಮ್ ಶುರುಮಾಡಿದರು. ಗುರುವಿನ ಜಿಮ್‌ನ ಹೆಸರನ್ನೇ ಇಟ್ಟರು: ಮೆಜಿರೊ.

ಈಗ ಡ್ರಿಲ್ ವಿಷಯಕ್ಕೆ ಬರೋಣ. ಥಾಯ್ ಜಿಮ್‌ಗಳಲ್ಲಿ ಅಭ್ಯಾಸದ ಜೀವಾಳ ಪ್ಯಾಡ್. ಅನುಭವಿ ಕೋಚ್ ಪ್ಯಾಡ್ ಹಿಡೀತಾರೆ, ಶಿಷ್ಯ ಒದೀತಾನೆ. ಡಚ್ಚರು ಬಾಕ್ಸಿಂಗ್‌ನ ಕೈ, ಕ್ಯೋಕುಶಿನ್ ಮತ್ತು ಥಾಯ್ ಕಾಲು, ಎರಡನ್ನೂ ಹೊಲಿದರು. ಲೆಕ್ಕ ಸರಳ: ಮುಖಕ್ಕೆ ಪಂಚ್ ಬಂದ್ರೆ ಕೈ ಮೇಲೆ ಹೋಗುತ್ತೆ, ಭಾರ ಕಾಲಿನ ಮೇಲೆ ಬೀಳುತ್ತೆ. ಭಾರ ಬಿದ್ದ ಕಾಲನ್ನ ಥಟ್ಟನೆ ಎತ್ತೋಕಾಗಲ್ಲ. ಆ ಗಳಿಗೆಗೆ ಲೋ ಕಿಕ್. ಆದರೆ ಪ್ಯಾಡ್ ಗಾಬರಿಯಾಗಲ್ಲ, ಭಾರ ಬದಲಿಸಲ್ಲ, ತಿರುಗಿ ಒದೆಯೋದೂ ಇಲ್ಲ. ಆ ಗಳಿಗೆಯನ್ನ ಗುರುತಿಸೋಕೆ ಎದುರಿಗೆ ಜೀವಂತ ಮನುಷ್ಯನೇ ಬೇಕು.

ಫಲ ಸಿಕ್ಕಿದ್ದು 1993ರಲ್ಲಿ ಜಪಾನಿನಲ್ಲಿ ಶುರುವಾದ ಕೆ-1 ಟೂರ್ನಿಯಲ್ಲಿ. ಪೀಟರ್ ಆರ್ಟ್ಸ್ ಮೂರು ಸಲ, ಎರ್ನೆಸ್ಟೊ ಹೂಸ್ಟ್ ನಾಲ್ಕು ಸಲ ಗ್ರ್ಯಾಂಡ್ ಪ್ರೀ ಗೆದ್ದರು. ಇಬ್ಬರೂ ಡಚ್ಚರು. ಜಪಾನಿನಿಂದ ಹೋದ ವಿದ್ಯೆ ಬೆಳೆದು ಜಪಾನಿಗೇ ವಾಪಸ್ ಬಂತು.

ಆದರೆ ಈ ಪದ್ಧತಿಗೆ ಒಂದು ಬೆಲೆಯಿದೆ. ಡಚ್ ಜಿಮ್‌ಗಳು ಜೋರಾದ ಸ್ಪಾರಿಂಗ್‌ಗೂ ಹೆಸರುವಾಸಿ. ಪದೇ ಪದೇ ಪಂದ್ಯ ಆಡೋ ಥಾಯ್ ಪಟುಗಳು ಸ್ಪಾರಿಂಗ್‌ನಲ್ಲಿ ಸಾಮಾನ್ಯವಾಗಿ ಹಗುರವಾಗಿ ಮುಟ್ಟಿ ಬಿಡ್ತಾರೆ. ತಲೆಗೆ ಮತ್ತೆ ಮತ್ತೆ ಬೀಳೋ ಏಟು ಮೆದುಳಿಗೆ ಹಾನಿ ಮಾಡುತ್ತೆ, ಅದು ಪಂದ್ಯದಲ್ಲಿ ಬಿತ್ತೋ ಅಭ್ಯಾಸದಲ್ಲಿ ಬಿತ್ತೋ ಅಂತ ಮೆದುಳು ಕೇಳಲ್ಲ.

ಹಾಗಾಗಿ ಡ್ರಿಲ್ ಮಾಡುವಾಗ ವೇಗ ಇರಲಿ, ಸಮಯಪ್ರಜ್ಞೆ ಇರಲಿ, ಬಲಕ್ಕೆ ಮಾತ್ರ ಲಗಾಮು ಇರಲಿ. ಎಷ್ಟು ಜೋರು ಅನ್ನೋದನ್ನ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಒದೆ ಚೆನ್ನಾಗಿ ಪಳಗಬೇಕಾದ್ರೆ, ಜೊತೆಗಾರ ನಾಳೆಯೂ ಅಭ್ಯಾಸಕ್ಕೆ ಬರಬೇಕಲ್ವಾ?